ಅಕ್ಕ ಹಿಡಿದ ಕಳ್ಳ

ಆ ಪುಸ್ತಕಗಳು ಶಿಕಾರಿಪುರಕ್ಕೆ ತಿಂಗಳಿಗೊಂದರಂತೆ ಬರುತ್ತಿದ್ದವು. ಅಂಗೈ ಅಗಲದ, ತೆಳ್ಳಗಿನ, ನಡುವೆ ಎರಡು ಪಿನ್ನು ಹೊಡೆದ ಪುಸ್ತಕಗಳು. ಹೊದಿಕೆ ಯಾವಾಗಲೂ ಕೆಂಪು, ಅದರ ಮೇಲೆ ಚಡ್ಡಿ ತೊಟ್ಟು ಟಾರ್ಚು ಹಿಡಿದ ಒಬ್ಬ ಹುಡುಗ. ಅವನಿಗೆ ಹನ್ನೆರಡು ವರ್ಷ ಎಂದು ಮೊದಲ ಪುಸ್ತಕದಲ್ಲೇ ಹೇಳಿದ್ದರು. ಹದಿನೆಂಟನೆಯ ಪುಸ್ತಕದಲ್ಲೂ ಅವನಿಗೆ ಹನ್ನೆರಡೇ. ಪೊಲೀಸರಿಗೆ ಬಗೆಹರಿಯದ್ದನ್ನು ಅವನು ಬಗೆಹರಿಸುತ್ತಿದ್ದ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ದೊಡ್ಡ ಹಜಾರದಲ್ಲಿ ಕೂರಿಸಿ, ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದು, ಒಬ್ಬನ ಮುಂದೆ ನಿಲ್ಲುತ್ತಿದ್ದ. ಅವನು ನಿಂತನೆಂದರೆ ಮುಗಿಯಿತು. ಕಳ್ಳ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದ, ತಪ್ಪು ಮಾಡದವನ ಕೈಯ ಬೇಡಿ ಬಿಚ್ಚುತ್ತಿದ್ದರು, ಹುಡುಗನ ಬೆನ್ನು ತಟ್ಟುತ್ತಿದ್ದರು.

ಅವನ್ನು ತರಿಸುತ್ತಿದ್ದುದು ನಮ್ಮ ಬೀದಿಯ ವಾಚನಾಲಯ. ಐವತ್ತರ ದಶಕದ ಕೊನೆಯ ವರ್ಷಗಳವು. ಒಂದೇ ಕೋಣೆ, ಮುಂದೊಂದು ಜಗಲಿ, ಒಳಗೆ ಎರಡು ಬೆಂಚು, ಒಂದು ಉದ್ದನೆಯ ಮೇಜು, ಪುಸ್ತಕದ ಬೀರು, ಗೋಡೆಯ ಮೇಲೆ ಲೋಲಕದ ಗಡಿಯಾರ. ಬೀದಿಯ ಐದಾರು ಮಂದಿ ಹಿರಿಯರು ಸೇರಿ ಅದನ್ನು ನಡೆಸುತ್ತಿದ್ದರು. ನಮ್ಮಪ್ಪ ಶಾಲೆಯಲ್ಲಿ ಮೇಷ್ಟ್ರು. ವಾಚನಾಲಯಕ್ಕೆ ಅವರೇ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಬಾಗಿಲು ತೆಗೆಯುವುದು, ಗುಡಿಸುವುದು, ಪತ್ರಿಕೆ ಜೋಡಿಸುವುದು ಇವೆಲ್ಲ ಬೈಂಡಿಂಗ್ ಸಾಬರ ಕೆಲಸ. ಮಿಕ್ಕ ಹೊತ್ತಿನಲ್ಲಿ ಅವರು ಜಗಲಿಯ ಮೇಲೆ ಮೈದಾ ಅಂಟಿನ ಬಟ್ಟಲು, ದಬ್ಬಳ, ದಾರ, ರಟ್ಟು ಇಟ್ಟುಕೊಂಡು ಕೂತು ಹರಿದ ಪುಸ್ತಕಗಳನ್ನು ಹೊಲಿಯುತ್ತಿದ್ದರು. ಅವರ ಅನ್ನ ಅದರಿಂದಲೇ. ತೊಗರ್ಸಿ, ತಾಳಗುಂದದ ಕಡೆಯ ಶಾನುಭೋಗರೂ ತಮ್ಮ ಪಹಣಿ ಪುಸ್ತಕಗಳನ್ನು ಅವರ ಕೈಗೇ ಒಪ್ಪಿಸಿ ಹೋಗುತ್ತಿದ್ದರು. ಊರವರ ಹೊಲಗದ್ದೆಯೆಲ್ಲ ಒಂದೊಂದು ದಿನ ಅವರ ತೊಡೆಯ ಮೇಲಿರುತ್ತಿತ್ತು.

ಅಕ್ಕನಿಗೆ ಆಗ ಹದಿನೈದು, ನನಗೆ ಹತ್ತು. ಅವಳು ಮಿಡ್ಲ್ ಸ್ಕೂಲು ಮುಗಿಸುವ ಹೊತ್ತಿಗೆ ದೊಡ್ಡವಳಾದಳು, ಶಾಲೆ ಅಲ್ಲಿಗೆ ನಿಂತಿತು. ಮಗಳನ್ನು ಶಾಲೆ ಬಿಡಿಸಿದ ಅಪ್ಪ ತಾವೇ ಮೇಷ್ಟ್ರು. ಅದರ ಅಳುಕು ಅವರಿಗೆ ಇತ್ತೋ ಏನೋ, ಅಕ್ಕ ಮನೆಯಲ್ಲಿ ಕೂತು ಪುಸ್ತಕ ಓದುವುದಕ್ಕೆ ಮಾತ್ರ ಅಡ್ಡಿ ಮಾಡಲಿಲ್ಲ. ಅವಳಂಥವರು ವಾಚನಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. ನಾನು ಚಿಕ್ಕವಳು, ಹೋಗಬಹುದಿತ್ತು. ಹೊಸ ಪುಸ್ತಕ ಬಂದ ದಿನ ಸಾಬರು ಮೊದಲು ತಾವು ಓದಿ, ಹಳೆ ಪತ್ರಿಕೆಯ ಹೊದಿಕೆ ಹಾಕಿ, ಬೇರೆ ಮಕ್ಕಳ ಕೈಗೆ ಸಿಗುವ ಮುಂಚೆ ನನ್ನ ಕೈಗೆ ಕೊಡುತ್ತಿದ್ದರು.

ಅಕ್ಕ ಆ ಪುಸ್ತಕಗಳನ್ನು ಓದುತ್ತಿದ್ದ ರೀತಿಯೇ ಬೇರೆ. ಅರ್ಧಕ್ಕೆ ಬರುತ್ತಲೇ ಮುಚ್ಚಿಡುತ್ತಿದ್ದಳು. ಅಕ್ಕಿ ಆರಿಸುತ್ತಲೋ ಬಟ್ಟೆ ಮಡಿಸುತ್ತಲೋ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಳ್ಳ ಇಂಥವನು ಎಂದು ನನಗೆ ಹೇಳುತ್ತಿದ್ದಳು. ಆಮೇಲೆ ಇಬ್ಬರೂ ಸೇರಿ ಉಳಿದದ್ದನ್ನು ಓದುತ್ತಿದ್ದೆವು. ಅವಳ ಮಾತು ತಪ್ಪಿದ್ದು ನನಗೆ ನೆನಪಿಲ್ಲ. ಬೆಳ್ಳಿ ಕಳಶ ಕಳುವಾದ ಒಂದು ಕಥೆಯಲ್ಲಿ ಎಲ್ಲರ ಅನುಮಾನ ಹೂವಿನವನ ಮೇಲಿತ್ತು. ಅಕ್ಕ ಅಡುಗೆಯವನೇ ಕಳ್ಳ ಎಂದಳು. ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತಿದ್ದೆ ಅನ್ನುವವನ ಪಂಚೆ ಮಡಿಕೆ ಮುರಿಯದೆ ಹೇಗಿರುತ್ತದೆ ಎಂಬುದು ಅವಳ ಪ್ರಶ್ನೆ. ಪತ್ತೇದಾರ ಹುಡುಗನಿಗೆ ಅದು ಹೊಳೆಯುವುದಕ್ಕೆ ಇನ್ನೂ ಮೂವತ್ತು ಪುಟ ಬೇಕಾಯಿತು.

ಮರುದಿನ ಪುಸ್ತಕ ವಾಪಸು ಕೊಡಲು ಹೋದಾಗ ಸಾಬರು ಕೇಳುತ್ತಿದ್ದುದು ಒಂದೇ ಮಾತು. ಅಕ್ಕ ಎಷ್ಟನೇ ಪುಟಕ್ಕೆ ಹಿಡಿದರು? ನಾನು ಪುಟದ ಲೆಕ್ಕ ಹೇಳಿದರೆ ದಬ್ಬಳ ಹಿಡಿದ ಕೈ ಹಾಗೇ ನಿಲ್ಲಿಸಿ ತಲೆಯಾಡಿಸುತ್ತಿದ್ದರು. ಜಗಲಿಗೆ ಬಂದ ನಾಲ್ಕು ಜನರ ಹತ್ತಿರ ಮೇಷ್ಟ್ರ ಮಗಳ ತಲೆಯ ಬಗ್ಗೆ ಹೇಳುತ್ತಿದ್ದರು. ಅವರು ಅಕ್ಕನ ಮುಖವನ್ನು ಸರಿಯಾಗಿ ನೋಡಿದವರಲ್ಲ. ಏನಾದರೂ ಕೊಡುವುದಕ್ಕೆ ನಮ್ಮ ಮನೆಗೆ ಬಂದರೆ ಹೊರಗೆ ನಿಂತು ಮಾತಾಡುತ್ತಿದ್ದರು. ಅಕ್ಕ ಬಾಗಿಲ ಹಿಂದಿನಿಂದ ಉತ್ತರ ಕೊಡುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಸಾಬರು ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದರು. ವಾಚನಾಲಯದ ಗೋಡೆಯ ಮೇಲೆ ಗಡಿಯಾರ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಭಾನುವಾರ ವಾಚನಾಲಯಕ್ಕೆ ರಜೆ. ಶನಿವಾರ ಸಂಜೆ ಬಾಗಿಲು ಹಾಕುವಾಗ ಗಡಿಯಾರ ಅಲ್ಲೇ ಇದ್ದದ್ದನ್ನು ಅಪ್ಪನೂ ನೋಡಿದ್ದರು, ಏಕೆಂದರೆ ಪ್ರತಿ ಶನಿವಾರ ಅದಕ್ಕೆ ಕೀ ಕೊಡುತ್ತಿದ್ದವರು ಅವರೇ.

ಬಾಗಿಲ ಬೀಗಕ್ಕೆ ಎರಡು ಬೀಗದ ಕೈ ಇದ್ದವು. ಒಂದು ಸಾಬರ ಹತ್ತಿರ, ಇನ್ನೊಂದು ನಮ್ಮ ಮನೆಯಲ್ಲಿ, ಅಪ್ಪನ ಕೋಟು ನೇತುಹಾಕುವ ಮೊಳೆಯಲ್ಲಿ. ಬೀಗ ಒಡೆದಿಲ್ಲ ಎಂದಮೇಲೆ ಊರಿನವರಿಗೆ ಯೋಚನೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಮೇಷ್ಟ್ರ ಮನೆಯನ್ನು ಯಾರು ಅನುಮಾನಿಸುತ್ತಾರೆ? ಮಧ್ಯಾಹ್ನದೊಳಗೆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಸಾಬರ ಹೆಸರೇ. ಕದ್ದವನು ತಾನೇ ಓಡಿಬಂದು ಏಕೆ ಹೇಳುತ್ತಾನೆ ಎಂದು ಅಮ್ಮ ಕೇಳಿದ್ದಕ್ಕೆ, ಅದೇ ಅವನ ಜಾಣತನ ಎಂದು ಪಕ್ಕದ ಮನೆಯವರು ಹೇಳಿದರು.

ಸಂಜೆ ಅಕ್ಕ ನನ್ನನ್ನು ನಡುಮನೆಗೆ ಕರೆದಳು. ಗೋಡೆಯ ಗೂಡಿನಲ್ಲಿ ಅಪ್ಪ ತಮ್ಮ ಮಸಿ ಬಾಟಲು, ಕ್ಷೌರದ ಸಾಮಾನು ಇಡುತ್ತಿದ್ದರು. ಗಡಿಯಾರಕ್ಕೆ ಕೀ ಕೊಡುವ ಹಿತ್ತಾಳೆಯ ತಿರುಪೂ ಅಲ್ಲೇ ಇರುತ್ತಿತ್ತು. ಒಮ್ಮೆ ಯಾರೋ ಹುಡುಗರು ಅತಿಯಾಗಿ ತಿರುಗಿಸಿ ಗಡಿಯಾರ ಕೆಡಿಸಿದ ಮೇಲೆ ಅಪ್ಪ ಅದನ್ನು ಮನೆಗೆ ತಂದಿಟ್ಟಿದ್ದರು. ಈಗ ಗೂಡಿನಲ್ಲಿ ತಿರುಪು ಇರಲಿಲ್ಲ. ಅಕ್ಕ ಮಸಿ ಬಾಟಲನ್ನು ಎತ್ತಿ, ಕೆಳಗಿನ ಕಾಗದ ತೆಗೆದು, ಗೂಡಿನ ಮೂಲೆಗಳನ್ನೆಲ್ಲ ಬೆರಳಾಡಿಸಿ ನೋಡಿದಳು.  ಕೆಂಪು ಪುಸ್ತಕದ ಕಳ್ಳನನ್ನು ಹಿಡಿದಾಗ ಅವಳ ಕಣ್ಣಿನಲ್ಲಿ ಕಾಣುತ್ತಿದ್ದ ಹೊಳಪು ಅಲ್ಲಿರಲಿಲ್ಲ. ನೀನು ಇಲ್ಲೇ ಇರು ಎಂದು ನನಗೆ ಹೇಳಿ ಅವಳು ಅಪ್ಪನಿದ್ದ ಹಿಂದಿನ ಪಡಸಾಲೆಗೆ ಹೋದಳು. ನಾನು ಬಾಗಿಲ ಪಕ್ಕದಲ್ಲಿ ನಿಂತು ಕೇಳಿದೆ.

"ಅಪ್ಪ, ಗಡಿಯಾರದ ಕೀ ಗೂಡಲ್ಲಿಲ್ಲ," ಅಂದಳು.

ಎಲ್ಲೋ ಇಟ್ಟಿರುತ್ತೇನೆ ಎಂದರು ಅಪ್ಪ.

"ಶನಿವಾರ ಬಂದು ನೀವು ಅಲ್ಲೇ ಇಟ್ಟಿದ್ದನ್ನ ನಾನು ನೋಡಿದೀನಿ. ಸಾಬರು ನಮ್ಮ ಹೊಸಿಲು ದಾಟಿದೋರಲ್ಲ. ಕೀ ಇಲ್ಲಿರೋದು ಗೊತ್ತಿದ್ದೋರೇ ಅದನ್ನೂ ಗಡಿಯಾರಾನೂ ತಗೊಂಡಿದಾರೆ." ಅವಳು ಮತ್ತೆ ಕೇಳಿದಳು, "ಒಂದು ದಿನದ ಮಟ್ಟಿಗೆ ಸೊರಬಕ್ಕೆ ಹೋದ ಚಿಕ್ಕಪ್ಪ ಹಾಸಿಗೆ ಸುರುಳಿ ಯಾಕೆ ಕಟ್ಟಿಕೊಂಡು ಹೋದ್ರು?"

ಚಿಕ್ಕಪ್ಪ ಅಪ್ಪನ ಕೊನೆಯ ತಮ್ಮ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ನಾಲ್ಕು ವರ್ಷದಿಂದ ಮನೆಯಲ್ಲಿದ್ದ. ನಗಿಸುತ್ತಿದ್ದ, ನನ್ನನ್ನು ಬಾಡಿಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಸುತ್ತಿಸುತ್ತಿದ್ದ. ಮನೆಯಲ್ಲಿ ನನಗೆ ಅವನಷ್ಟು ಇಷ್ಟವಾದವರು ಇನ್ನೊಬ್ಬರಿರಲಿಲ್ಲ. ಸೊರಬದ ಬಸ್ ಏಜೆಂಟರೊಬ್ಬರು ಕಂಡಕ್ಟರ್ ಕೆಲಸ ಕೊಡಿಸುತ್ತಾರೆಂದು ಭಾನುವಾರ ಬೆಳಿಗ್ಗೆ ಹೊರಟುಹೋಗಿದ್ದ.

 ಅವನು ಬರಲಿ, ಅಲ್ಲಿವರೆಗೂ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದರು ಅಪ್ಪ. ಅಕ್ಕ ಹೊರಗೆ ಬಂದಳು. ಅಪ್ಪ ನೋಡ್ಕೋತಾರೆ ಎಂದು ನನಗೆ ಹೇಳಿದಳು. ಅವಳಿಗೆ ಆ ನಂಬಿಕೆಯಿತ್ತು.

ಚಿಕ್ಕಪ್ಪ ಮಂಗಳವಾರ ಬಂದ. ಕೆಲಸ ಸಿಕ್ಕಿತ್ತು. ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಬರುವ ಬಸ್ಸಿಗೆ ಅವನೇ ಕಂಡಕ್ಟರ್. ಹೊಸ ಖಾಕಿ ಬಟ್ಟೆಯನ್ನು ಅಮ್ಮನಿಗೆ ಬಿಚ್ಚಿ ತೋರಿಸಿದ. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಅಪ್ಪ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಬಾವಿಯ ಹತ್ತಿರ ಅವರೇನು ಮಾತಾಡಿದರೋ ನನಗೆ ಕೇಳಲಿಲ್ಲ. ಚಿಕ್ಕಪ್ಪ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ಕಂಡೆ. ಗಡಿಯಾರವನ್ನು ಅವನು ಆ ಏಜೆಂಟರಿಗೆ ಕಾಣಿಕೆಯಾಗಿ ಕೊಟ್ಟಿದ್ದ. ನಮ್ಮ ಮನೆಯದೇ ಎಂದು ಹೇಳಿದ್ದನಂತೆ. ಇದು ನನಗೆ ಆಮೇಲೆ ಅಕ್ಕನಿಂದ ತಿಳಿಯಿತು.

ಬುಧವಾರ ಸಂಜೆ ಹಿರಿಯರು ವಾಚನಾಲಯದ ಜಗಲಿಯ ಮೇಲೆ ಚಾಪೆ ಹಾಸಿ ಕೂತರು. ನಾನು ಬೀದಿಯ ಮಕ್ಕಳ ಜೊತೆ ಎದುರಿನ ಮನೆಯ ಕಟ್ಟೆಯ ಮೇಲೆ ನಿಂತಿದ್ದೆ. ಅಪ್ಪ ನಡಾವಳಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಬಹಳ ವರ್ಷದ ಮನುಷ್ಯ, ಪೊಲೀಸಿಗೆ ಕೊಡುವುದು ಬೇಡ, ಬೀಗದ ಕೈ ಒಪ್ಪಿಸಿ ಹೋಗಲಿ ಎಂದು ಒಬ್ಬರು ಹೇಳಿದರು. ಉಳಿದವರು ಹೂಂ ಅಂದರು. ಅದನ್ನು ಅವರು ದೊಡ್ಡ ಕರುಣೆ ಎಂದೇ ತಿಳಿದಿದ್ದರು.

ಸಾಬರು ಸೊಂಟದ ದಾರದಿಂದ ಬೀಗದ ಕೈ ಬಿಚ್ಚಿ ಚಾಪೆಯ ಮೇಲೆ ಅಪ್ಪನ ಮುಂದೆ ಇಟ್ಟರು.

"ಮೇಷ್ಟ್ರೇ, ಇವರೆಲ್ಲ ಏನಾರ ಅಂದ್ಕಳ್ಳಿ. ನೀವು ಹೇಳ್ರಿ. ನಾನು ತಗಂಡಿದೀನಾ?"

ಅಪ್ಪ ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ನಡಾವಳಿ ಪುಸ್ತಕದಲ್ಲಿ ಏನೋ ಬರೆಯುವವರಂತೆ ಬಗ್ಗಿದರು. ತಲೆ ಎತ್ತಲೇ ಇಲ್ಲ. ಸಾಬರು ಕಾದರು. ಅಂಟಿನ ಬಟ್ಟಲು, ದಬ್ಬಳ, ದಾರದ ಉಂಡೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಳ್ಳುವಷ್ಟು ಹೊತ್ತೂ ಕಾದರು. ಆಮೇಲೆ ಮೆಟ್ಟಿಲಿಳಿದು ಹೋದರು.

ನಾನು ಮನೆಗೆ ಓಡಿ ಅಕ್ಕನಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಪ್ಪ ಏನಂದರು ಎಂದು ಅವಳು ಮೂರು ಸಲ ಕೇಳಿದಳು. ಏನೂ ಅನ್ನಲಿಲ್ಲ ಎಂದು ನಾನು ಮೂರು ಸಲ ಹೇಳಿದೆ. ಅಪ್ಪ ಬಂದಾಗ ಅವಳು ಅವರ ಎದುರಿಗೆ ಹೋಗಿ ನಿಂತಳು. ಅಪ್ಪ ಕೋಟು ಬಿಚ್ಚಿ ಮೊಳೆಗೆ ಹಾಕುತ್ತ, ಅವಳ ಕಡೆ ಬೆನ್ನು ಮಾಡಿಯೇ ಹೇಳಿದರು. ನಾಲ್ಕು ವರ್ಷದ ಮೇಲೆ ಅವನಿಗೊಂದು ದಾರಿಯಾಗಿದೆ. ಇದು ಹೊರಗೆ ಬಿದ್ದರೆ ಅವನ ಕೆಲಸ ಹೋಗುತ್ತದೆ, ನನ್ನ ಮಾನ ಹೋಗುತ್ತದೆ, ನಾಳೆ ನಿನ್ನನ್ನು ಯಾರು ಮದುವೆಯಾಗುತ್ತಾರೆ? ಸಾಬರಿಗೆ ಬೈಂಡಿಂಗ್ ಕೆಲಸವಿದೆ, ಬದುಕಿಕೊಳ್ಳುತ್ತಾರೆ.

"ಅವರು ಬದುಕ್ತಾರೋ ಇಲ್ವೋ ಅಂತ ನಾನು ಕೇಳಲಿಲ್ಲ. ಅವರು ನಿಮ್ಮನ್ನ ಕೇಳಿದ್ರಲ್ಲ, ಅದಕ್ಕೆ ನೀವು ಏನಂದ್ರಿ?" ಅಂದಳು ಅಕ್ಕ.

ಅಪ್ಪ ಅವಳ ಮೇಲೆ ಕೈ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ. ನಿನ್ನ ಓದು ಹೆಚ್ಚಾಯಿತು, ಇನ್ನು ಆ ಪುಸ್ತಕಗಳು ಈ ಮನೆಗೆ ಬರುವುದು ಬೇಡ ಎಂದಷ್ಟೇ ಹೇಳಿದರು.

ಎರಡು ದಿನದ ನಂತರ ಅಕ್ಕ ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ಕಾಪಿ ಪುಸ್ತಕದ ಹಾಳೆ, ಸಣ್ಣಗೆ ಮಡಿಸಿದ್ದು. ಸಾಬರ ಮನೆಗೆ ಹೋಗಿ ಅವರ ಕೈಗೇ ಕೊಡಬೇಕು, ಬೇರೆ ಯಾರಿಗೂ ಕೊಡಬಾರದು ಎಂದಳು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ, ಅವಳು ಬರೆಯುವಾಗಲೇ ಪಕ್ಕದಲ್ಲಿ ಕೂತು ಓದಿದ್ದೆ. ಗಡಿಯಾರವನ್ನು ಯಾರು ತೆಗೆದರು, ಎಲ್ಲಿದೆ, ಅಪ್ಪನಿಗೆ ಯಾವತ್ತಿನಿಂದ ಗೊತ್ತು, ಎಲ್ಲವೂ ಇತ್ತು. ಸಾಬರು ಅದನ್ನು ಹಿರಿಯರ ಮುಂದೆ ಹಿಡಿದರೆ ಸಾಕಿತ್ತು. ಅಕ್ಕ ಕೊನೆಗೆ ತನ್ನ ಹೆಸರನ್ನೂ ಬರೆದಿದ್ದಳು.

ಬಸ್ ಸ್ಟ್ಯಾಂಡಿನ ಮುಂದೆಯೇ ದಾರಿ. ಅಲ್ಲಿ ಚಿಕ್ಕಪ್ಪನ ಬಸ್ಸು ನಿಂತಿತ್ತು. ಖಾಕಿ ತೊಟ್ಟು, ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು, ಅವನು ಜನರನ್ನು ಕೂಗಿ ಕರೆಯುತ್ತಿದ್ದ. ನನ್ನನ್ನು ಕಂಡು ಕೈಬೀಸಿದ. ಹತ್ತಿರ ಕರೆದು, ಡ್ರೈವರಿಗೆ, ನಮ್ಮಣ್ಣನ ಮಗಳು ಎಂದು ಹೇಳಿದ. ಅವನು ನಾಲ್ಕು ವರ್ಷದಲ್ಲಿ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನನ್ನ ಮುಷ್ಟಿಯಲ್ಲಿ ಚೀಟಿ ಬೆವರಿನಿಂದ ಒದ್ದೆಯಾಗುತ್ತಿತ್ತು. ಇದನ್ನು ಕೊಟ್ಟರೆ ಆ ಖಾಕಿ ಬಟ್ಟೆ ಹೋಗುತ್ತದೆ ಎಂಬುದು ಹತ್ತು ವರ್ಷದ ನನಗೂ ತಿಳಿಯುತ್ತಿತ್ತು.

ನಾನು ಸಾಬರ ಬೀದಿಯ ತಿರುವಿನವರೆಗೆ ಹೋದೆ. ಅಲ್ಲಿಂದ ವಾಪಸು ಬಂದೆ. ಹಿತ್ತಲ ಬಾಗಿಲಿನಿಂದ ಮನೆ ಹೊಕ್ಕು ಚೀಟಿಯನ್ನು ಬಚ್ಚಲ ಒಲೆಗೆ ಹಾಕಿದೆ. ಅಕ್ಕನಿಗೆ, ಕೊಟ್ಟೆ ಎಂದೆ. ಸಾಬರು ಓದಿದರು, ಮಡಿಸಿ ಜುಬ್ಬದ ಜೇಬಿನಲ್ಲಿಟ್ಟುಕೊಂಡರು ಎಂದೂ ಸೇರಿಸಿದೆ. ಏನಂದರು ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದೆ. ಅಪ್ಪನ ವಿಷಯದಲ್ಲಿ ನಿಜವಾಗಿದ್ದ ಅದೇ ಮಾತು ಈಗ ಸುಳ್ಳಾಗಿ ನನ್ನ ಬಾಯಿಂದ ಬಂತು.

ಸಾಬರು ಹಿರಿಯರ ಹತ್ತಿರ ಹೋಗಲಿಲ್ಲ. ಹೇಗೆ ಹೋಗುತ್ತಾರೆ? ಅಕ್ಕ ಕೆಲವು ದಿನ ಬೀದಿಯ ಸದ್ದಿಗೆಲ್ಲ ಕಿವಿಗೊಡುತ್ತಿದ್ದಳು. ಆಮೇಲೆ, ಅವರು ನಮ್ಮ ಮನೆಯ ಮರ್ಯಾದೆ ಕಾಯ್ದರು ಎಂದು ತನಗೆ ತಾನೇ ತೀರ್ಮಾನಿಸಿಕೊಂಡಳು. ಹಾಗೆಂದು ನನಗೆ ಹೇಳಿದಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಆಗಲೂ ಬಾಯಿ ಬಿಡಲಿಲ್ಲ.

ಅಪ್ಪನ ಲೆಕ್ಕಾಚಾರ ಒಂದು ಕಡೆ ತಪ್ಪಿತ್ತು. ಸಾಬರ ಬೈಂಡಿಂಗ್ ಕೆಲಸವೂ ನಿಂತಿತು. ಕಳ್ಳನೆನಿಸಿಕೊಂಡವನ ಕೈಗೆ ಪಹಣಿ ಪುಸ್ತಕ ಕೊಡಲು ಶಾನುಭೋಗರು ಹೆದರಿದರು. ಶಾಲೆಯವರೂ ಬೇರೆಯವರನ್ನು ಹುಡುಕಿಕೊಂಡರು. ಕೆಲವು ತಿಂಗಳಲ್ಲೇ ಅವರು ಮನೆ ಖಾಲಿ ಮಾಡಿ ಸೊರಬದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಮರುವರ್ಷದ ಬೇಸಿಗೆಯಲ್ಲಿ ಅಕ್ಕನ ಮದುವೆಯೂ ಸೊರಬದವರ ಜೊತೆಗೇ ಆಯಿತು. ಭಾವ ಯಾವುದೋ ಕಚೇರಿಯಲ್ಲಿ ಗುಮಾಸ್ತರು, ಒಳ್ಳೆಯವರು. ಅವರ ಮನೆಯಲ್ಲಿ ಪಂಚಾಂಗ ಬಿಟ್ಟರೆ ಓದುವಂಥದ್ದು ಏನೂ ಇರಲಿಲ್ಲ.

ಮುಂದಿನ ಬೇಸಿಗೆ ರಜೆಯಲ್ಲಿ ನನ್ನನ್ನು ಅಕ್ಕನ ಮನೆಗೆ ಕಳಿಸಿದರು. ಚಿಕ್ಕಪ್ಪನ ಬಸ್ಸಿನಲ್ಲೇ ಹೋದೆ. ಅವನು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಶಿರಾಳಕೊಪ್ಪದಲ್ಲಿ ಬಾಳೆಹಣ್ಣು ಕೊಡಿಸಿದ. ಸೊರಬದಲ್ಲಿ ಇಳಿದಾಗ ಏಜೆಂಟರ ಕೋಣೆಯ ಗೋಡೆಯ ಮೇಲೆ ಆ ಗಡಿಯಾರ ಕಂಡಿತು. ವಾಚನಾಲಯದಲ್ಲಿದ್ದಾಗಲೇ ಏಳರ ಅಂಕಿಯ ಹತ್ತಿರ ಗಾಜಿಗೆ ಒಂದು ಬಿರುಕಿತ್ತು, ಅದು ಹಾಗೇ ಇತ್ತು. ಚಿಕ್ಕಪ್ಪ ನನ್ನ ಪೆಟ್ಟಿಗೆಯನ್ನು ಇಳಿಸುತ್ತ ಬೇರೆ ಕಡೆ ನೋಡುತ್ತಿದ್ದ.

ಅಕ್ಕ ತೆಳ್ಳಗಾಗಿದ್ದಳು. ಮೂರನೆಯ ದಿನ ಅತ್ತೆಯವರಿಗೆ ದೇವಸ್ಥಾನಕ್ಕೆ ಎಂದು ಹೇಳಿ ನನ್ನನ್ನು ಕರೆದುಕೊಂಡು ಹೊರಟಳು. ದೇವಸ್ಥಾನದ ದಾರಿ ಬಿಟ್ಟು ಸಂತೆಮಾಳದ ಹಿಂದಿನ ಬೀದಿಗೆ ತಿರುಗಿದಾಗ ನನಗೆ ಹೊಳೆಯಿತು. ಸಾಬರನ್ನು ಒಮ್ಮೆ ನೋಡಬೇಕು, ಎಲ್ಲ ಗೊತ್ತಿದ್ದೂ ಸುಮ್ಮನಿದ್ದ ಮನುಷ್ಯ, ಒಂದು ಸಲವಾದರೂ ಎದುರಿಗೆ ನಿಂತು ಕೈಮುಗಿಯಬೇಕು ಎಂದಳು.

 ಮುಚ್ಚಿದ ಒಂದು ಅಂಗಡಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬಸ್ ಸ್ಟ್ಯಾಂಡು, ಚಿಕ್ಕಪ್ಪ, ಬಚ್ಚಲ ಒಲೆ. ಅವಳು ಬೈಯಲಿಲ್ಲ. ಬಿಸಿಲಿನಲ್ಲಿ ಹಾಗೇ ನಿಂತಳು. ನಾನು ಅವಳ ಸೆರಗು ಹಿಡಿದುಕೊಳ್ಳಲು ಹೋದೆ, ಅವಳು ಮೆಲ್ಲಗೆ ಬಿಡಿಸಿಕೊಂಡಳು.

"ಹಂಗಾದ್ರೆ ಅವರಿಗೆ ಇನ್ನೂ ಗೊತ್ತೇ ಇಲ್ಲ," ಅಂದಳು. ಸೆರಗು ಹೊದ್ದುಕೊಂಡು, "ಬಾ, ಹೋಗೋಣ," ಅಂದಳು.

ಸಾಬರು ಮಗಳ ಮನೆಯ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪಕ್ಕದಲ್ಲಿ ಮೊಮ್ಮಗಳು ಕವಡೆ ಆಡುತ್ತಿದ್ದಳು. ಅಕ್ಕ ಮಾತಾಡಿದ ಕೂಡಲೇ ಅವರು ಮುಖ ಎತ್ತಿದರು. ಮೇಷ್ಟ್ರ ದೊಡ್ಡ ಮಗಳಲ್ಲವೇ ಎಂದು ಕೇಳಿದರು. ಬಾಗಿಲ ಹಿಂದಿನಿಂದ ಕೇಳಿದ ದನಿಯನ್ನು ಅವರು ಮರೆತಿರಲಿಲ್ಲ. ಅವರ ಮುಖ ಅರಳಿತು. ಮದುವೆಯಾದದ್ದು, ಮನೆ ಎಲ್ಲಿ, ಈಗಲೂ ಓದುತ್ತೀರಾ, ಎಲ್ಲ ವಿಚಾರಿಸಿದರು. ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ಆಮೇಲೆ ಗಡಿಯಾರದ ಮಾತು ತೆಗೆದಳು. ಅವರು ತಕ್ಷಣ ಮೊಮ್ಮಗಳನ್ನು ಒಳಗೆ ಹೋಗು ಎಂದು ಕಳಿಸಿದರು.

ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ಹಿತ್ತಾಳೆಯ ಕೀ, ಹಾಸಿಗೆ ಸುರುಳಿ, ಏಜೆಂಟರ ಗೋಡೆ, ಸಭೆಗೆ ಮುಂಚೆಯೇ ಅಪ್ಪನಿಗೆ ಗೊತ್ತಿದ್ದದ್ದು. ನಾನು ಸುಟ್ಟ ಚೀಟಿಯ ವಿಷಯವನ್ನು ಮಾತ್ರ ಹೇಳಲಿಲ್ಲ. ನಾನು ಆವತ್ತೇ ಬಂದು ಹೇಳಬೇಕಿತ್ತು, ಹೇಳಲಿಲ್ಲ ಎಂದು ತನ್ನ ಮೇಲೆ ಹಾಕಿಕೊಂಡಳು. ಸಾಬರು ಕೊನೆಯವರೆಗೂ ಕೇಳಿದರು.

"ಇದನ್ನ ಮೇಷ್ಟ್ರು ಹೇಳಿ ಕಳಿಸಿದ್ರಾ?"

"ಇಲ್ಲ," ಅಂದಳು ಅಕ್ಕ.

"ನಾನು ಕದ್ದಿಲ್ಲ ಅನ್ನೋದು ನಂಗೆ ಗೊತ್ತೈತಲ್ಲಮ್ಮ. ನಂಗೇ ಹೇಳಾಕೆ ಬಂದ್ರಾ?"

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿಯದವರಂತೆ ಕೇಳಿದರು.  ಸಾಬರು ಮೊಣಕಾಲಿನ ಮೇಲೆ ಕೈಯಾಡಿಸುತ್ತ ಮತ್ತೆ ಹೇಳಿದರು, "ಅವತ್ತು ಚಾಪೆ ಮ್ಯಾಲೆ ಕುಂತಿದ್ರಲ್ಲ, ಅವರಿಗೆ ಗೊತ್ತಾಗಬೇಕಿತ್ತು. ಮೇಷ್ಟ್ರು ಒಂದು ಮಾತು ಅಂದಿದ್ರೆ ಸಾಕಿತ್ತು."

ಅವರು ಕೇಳಿಕೊಂಡದ್ದು ಒಂದೇ. ಮಗಳಿಗೆ ಇದು ಗೊತ್ತಿಲ್ಲ. ಕಣ್ಣು ಮಂಜಾಯಿತು, ಅದಕ್ಕೆ ಊರು ಬಿಟ್ಟೆ ಎಂದು ಹೇಳಿದ್ದೇನೆ, ಅದು ಹಾಗೇ ಇರಲಿ ಎಂದರು. ಆಮೇಲೆ ಮೊಮ್ಮಗಳನ್ನು ಕೂಗಿ ನೀರು ತರಿಸಿದರು. ಎರಡು ಲೋಟ ಬಂತು. ಅಕ್ಕ ಕುಡಿದಳು. ನಾನೂ ಕುಡಿದೆ.

ಆ ವಾರವೇ ಅಕ್ಕ ಸಾಬರು ಅಂದದ್ದನ್ನೆಲ್ಲ ಅಪ್ಪನಿಗೆ ಕಾಗದ ಬರೆದಳು. ಈ ಸಲ ನನ್ನ ಕೈಗೆ ಕೊಡಲಿಲ್ಲ, ತಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿದಳು. ನಾನು ಊರಿಗೆ ಮರಳುವಷ್ಟರಲ್ಲಿ ಅದು ಅಪ್ಪನಿಗೆ ತಲುಪಿತ್ತು. ಅಪ್ಪ ಅದರ ಬಗ್ಗೆ ಯಾರ ಹತ್ತಿರವೂ ಮಾತಾಡಲಿಲ್ಲ. ಕೋಟಿನ ಒಳಜೇಬಿನಲ್ಲಿ ಕಾಗದದ ತುದಿ ಕಾಣುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಕೋಟು ಹಾಕಿಕೊಂಡು, ಸೊರಬಕ್ಕೆ ಹೋಗಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಹೊರಟರು. ಗಂಟೆಯೊಳಗೆ ಮರಳಿ ಬಂದರು. ಬಸ್ಸು ತಪ್ಪಿತು ಎಂದರು. ಮತ್ತೆರಡು ವಾರ ಬಿಟ್ಟು ಹಾಗೇ ಹೋದರು, ಹಾಗೇ ಬಂದರು. ಬಸ್ಸು ತಪ್ಪಿತು ಎಂದರು.  ಆ ಬಸ್ಸಿನ ಕಂಡಕ್ಟರ್ ಅವರ ತಮ್ಮ. ಅಣ್ಣ ಬರುತ್ತಾರೆಂದರೆ ಅರ್ಧ ಗಂಟೆಯಾದರೂ ಬಸ್ಸು ನಿಲ್ಲಿಸಿಕೊಂಡು ಕಾಯುವವನು. ಎರಡನೆಯ ಸಲ ನಾನು ಅವರ ಹಿಂದೆಯೇ ಹೋಗಿದ್ದೆ. ಅಪ್ಪ ಬಸ್ ಸ್ಟ್ಯಾಂಡಿನ ಎದುರಿನ ಮರದ ಕೆಳಗೆ ನಿಂತಿದ್ದರು. ಬಸ್ಸು ಬಂತು, ಜನ ಹತ್ತಿದರು, ಬಸ್ಸು ಹೊರಟಿತು. ಅವರು ಮರದ ಮರೆಯಿಂದ ಹೊರಗೆ ಬರಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಅಕ್ಕನಿಂದ ಒಂದು ಕಾರ್ಡು ಬಂತು. ಸಾಬರು ತೀರಿಕೊಂಡರು ಎಂದಷ್ಟೇ ಬರೆದಿದ್ದಳು. ಕ್ಷೇಮಸಮಾಚಾರ ಕೂಡ ಇರಲಿಲ್ಲ. ಅಪ್ಪ ಓದಿ ಕಾರ್ಡನ್ನು ಗೂಡಿನಲ್ಲಿಟ್ಟರು. ಆ ತಿಂಗಳ ಸಭೆಯಲ್ಲಿ ಕಾರ್ಯದರ್ಶಿಯ ಕೆಲಸ ಬಿಟ್ಟರು. ಕಾರಣ ಹೇಳಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಹಿರಿಯರು ಅಂದುಕೊಂಡರು. ವಾಚನಾಲಯವನ್ನು ಮುಂದೆ ನೋಡಿಕೊಳ್ಳುವವರು ಯಾರೂ ಸಿಗಲಿಲ್ಲ. ಪತ್ರಿಕೆ, ಪುಸ್ತಕ ತರಿಸುವುದು ನಿಂತು, ಒಂದೆರಡು ವರ್ಷದಲ್ಲಿ ಆ ಕೋಣೆಯನ್ನು ಯಾರೋ ಗೊಬ್ಬರದ ಮೂಟೆ ಇಡಲು ಬಾಡಿಗೆಗೆ ಹಿಡಿದರು.

ಚಿಕ್ಕಪ್ಪ ಅದೇ ದಾರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ. ಒಳ್ಳೆಯ ಕಂಡಕ್ಟರ್ ಎಂದು ಹೆಸರಿತ್ತು. ಅಕ್ಕ ಹೆರಿಗೆಗೆ ಬಂದಳು, ಹಬ್ಬಕ್ಕೆ ಬಂದಳು, ಅಪ್ಪನಿಗೆ ಬಡಿಸಿದಳು, ಕಾಯಿಲೆ ಬಿದ್ದಾಗ ಶುಶ್ರೂಷೆ ಮಾಡಿದಳು. ಅವರಿಬ್ಬರೇ ಕೂತು ಮಾತಾಡಿದ್ದನ್ನು ಮಾತ್ರ ನಾನು ಕಾಣೆ.

ಅಪ್ಪ ತೀರಿಕೊಂಡ ವರ್ಷ, ತಿಥಿಯ ಕೆಲಸವೆಲ್ಲ ಮುಗಿದ ಮೇಲೆ, ಅವರು ಮರದ ಕೆಳಗೆ ನಿಂತಿದ್ದನ್ನು ನಾನು ಅಕ್ಕನಿಗೆ ಹೇಳಿದೆ. ಅಷ್ಟು ವರ್ಷ ಹೇಳಿರಲಿಲ್ಲ. ಅವಳಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅವಳು ಪಾತ್ರೆಗಳನ್ನು ಒರೆಸಿ ಬೋರಲು ಹಾಕುತ್ತಿದ್ದಳು. ಕೈ ನಿಲ್ಲಿಸಿದಳು.

"ಇದನ್ನ ನೀನು ಹೇಳಬಾರದಿತ್ತು. ಅವರು ಹೊರಡಲೇ ಇಲ್ಲ ಅಂತ ಅಂದ್ಕೊಂಡು ಸಿಟ್ಟು ಇಟ್ಕೊಂಡಿದ್ದೆ. ಈಗ ಅದನ್ನ ಏನು ಮಾಡ್ಲಿ?"

ನಾನು ಒರೆಸುವ ಬಟ್ಟೆಗೆ ಕೈ ಚಾಚಿದೆ. ಉಳಿದ ಪಾತ್ರೆಗಳನ್ನು ಅವಳೇ ಒರೆಸಿಟ್ಟಳು.